ಚಿನಕುರಳಿಯ ಮೂಗು

ಮಾರ್ಚ್ 4, ಬೆಳಗ್ಗೆ

ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟೆ. ಹಾಲು ಒಲೆಯ ಮೇಲಿದೆ. ಜ್ವರ ಬಿಟ್ಟು ವಾರವಾದರೂ ಮೂಗು ಸತ್ತಂತೆಯೇ ಇದೆ. ಬೆಳ್ಳುಳ್ಳಿ ಜಜ್ಜಿ ಹಿಡಿದು ನೋಡಿದೆ — ಏನೂ ಇಲ್ಲ. ನಾಲಿಗೆಗೂ ಉಪ್ಪು, ಹುಳಿ ಎಲ್ಲ ಒಂದೇ. 'ತಾನಾಗೇ ಬರುತ್ತೆ' ಅಂದರು ಡಾಕ್ಟರು. ಯಾವಾಗ ಅಂತ ಹೇಳಲಿಲ್ಲ.

ಹಾಗಂತ ಅಡುಗೆ ಬಿಡುವಂತಿಲ್ಲ. ಮಗಳಿಗೆ ಹುಟ್ಟಿದಾಗಿನಿಂದ ಹೊಟ್ಟೆ ಸೂಕ್ಷ್ಮ. ಅಂಗಡಿಯದು ಏನೂ ಆಗಿಬರುವುದಿಲ್ಲ. ಬ್ರೆಡ್ಡು, ಬೆಣ್ಣೆ, ಬಿಸ್ಕತ್ತು... ಎಲ್ಲ ಈ ಕೈಯಲ್ಲೇ ಆಗಬೇಕು. ಇವಳಪ್ಪ ಬಸ್ ಓಡಿಸುತ್ತಾ ಊರೂರು ಅಲೆಯುತ್ತಾರೆ. ಮನೆ ಕಾಣುವುದು ವಾರಕ್ಕೊಮ್ಮೆ.

"ಅಮ್ಮಾ, ಸೀದ್ಹೋಗ್ತಿದೆ!" ಅಡುಗೆಕಟ್ಟೆಯ ಮೇಲೆ ಕೂತು ಕೂಗಿದಳು ನಮ್ಮ ಚಿನಕುರಳಿ. ವಯಸ್ಸು ನಾಲ್ಕು, ಬಾಯಿ ನಲವತ್ತರದು. ಹಾಲು ತಳ ಹಿಡಿದಿತ್ತು. ಇನ್ನು ಅವಳೇ ನನ್ನ ಮೂಗು.

ಮಾರ್ಚ್ 9

ನನ್ನ ಈ ಹೊಸ ಮೂಗಿಗೆ ಕೊಬ್ಬು ಬಂದಿದೆ. ಬೇಡದ್ದು ತಟ್ಟೆಗೆ ಬಿದ್ದರೆ ಸಾಕು, "ಥೂ, ಚಪ್ಪಲಿ ವಾಸನೆ!" ಬೀನ್ಸ್ ಪಲ್ಯಕ್ಕೆ "ಅಪ್ಪನ ಸಾಕ್ಸ್ ವಾಸನೆ" ಅಂದಳು. ನಕ್ಕು ನಕ್ಕು ಸಾಕಾಯಿತು. ಅನುಮಾನ ಬಂದು ಎದುರುಮನೆ ಟೀಚರ್‌ಗೆ ರುಚಿ ನೋಡಲು ಕೊಟ್ಟೆ.

"ಚೆನ್ನಾಗೇ ಇದೆಯಲ್ರೀ. ಮಗಳು ನಿಮ್ಮ ಕಿವಿ ಮೇಲೆ ಹೂ ಇಡ್ತಿದಾಳೆ, ಅಷ್ಟೇ."

ಮಾರ್ಚ್ 10

ಫೋನಿನಲ್ಲಿ ಇವಳಪ್ಪ: "ಮೂಗು ಸರಿ ಹೋಯ್ತಾ?"

"ಹೋಯ್ತು" ಅಂದುಬಿಟ್ಟೆ. ಇಲ್ಲ ಅಂದರೆ ನಾಳೆಯೇ ಅವರಕ್ಕ ಬಂದು ನನ್ನ ಅಡುಗೆಮನೆ ಹಿಡಿಯುತ್ತಾರೆ. ಮೊದಲೇ ಆಕೆಗೆ ನನ್ನ ಕೈಯಲ್ಲಿ ಮಗು ಬಡವಾಯಿತು ಅಂತ ಕೊರಗು.

ಮಾರ್ಚ್ 14, ಮಧ್ಯಾಹ್ನ

ನಿನ್ನೆ ಕೋಳಿ ಮೂಳೆ ಹಾಕಿ ಅರ್ಧ ದಿನ ಕುದಿಸಿದ ಸೂಪು. ರಾತ್ರಿ ಪೂರ್ತಿ ಕರೆಂಟ್ ಇರಲಿಲ್ಲವಂತೆ, ಫ್ರಿಜ್ ಒಳಗೆಲ್ಲ ಬೆವರಿತ್ತು. ಸೂಪು ಮಾತ್ರ ನೋಡಲು ತಿಳಿಯಾಗಿಯೇ ಇತ್ತು. ಬೆಚ್ಚಗೆ ಮಾಡಿ ಕೊಟ್ಟೆ.

"ಬೇಡ. ಕೆಟ್ಟ ವಾಸನೆ."

"ಯಾವುದರದು? ಚಪ್ಪಲೀದಾ, ಸಾಕ್ಸಿಂದಾ?"

"ಇಲ್ಲಮ್ಮಾ, ನಿಜವಾಗ್ಲೂ..."

ಒಗೆಯದ ಬಟ್ಟೆ ರಾಶಿ ಬಿದ್ದಿದೆ. ತಲೆ ಸಿಡಿಯುತ್ತಿತ್ತು. ತಾಳ್ಮೆ ಕಿತ್ತುಹೋಯಿತು. ಮೂಗು ಹಿಡಿದು ಬಾಯಿ ತೆರೆಸಿ ಒಂದೊಂದೇ ಚಮಚ ನುಂಗಿಸಿದೆ. ಬಟ್ಟಲು ಖಾಲಿ. ಬಿಕ್ಕುತ್ತಲೇ ನಿದ್ದೆ ಹೋಗಿದ್ದಾಳೆ. ಹಟವನ್ನು ಮೊಳಕೆಯಲ್ಲೇ ಚಿವುಟಬೇಕು.

ಮಾರ್ಚ್ 18

ಆಸ್ಪತ್ರೆ. ಡ್ರಿಪ್ ಚುಚ್ಚಲು ನರ ಸಿಗದೆ ಮಗಳ ಎರಡೂ ಕೈ ನೀಲಿಗಟ್ಟಿವೆ. ವಾಂತಿ, ಭೇದಿ. ಸೂಪು ಕುಡಿಸಿದ ಸಂಜೆಯೇ ಕಣ್ಣು ಮೇಲೆ ಸಿಕ್ಕಿಕೊಂಡಿತು. ಟೀಚರ್ ತಮ್ಮ ಕಾರಿನಲ್ಲಿ ಹಾಕಿಕೊಂಡು ಬಂದರು. ಆಮೇಲೆ ನಮ್ಮನೆಗೆ ಹೋಗಿ ಸೂಪಿನ ಪಾತ್ರೆ ಮುಚ್ಚಳ ತೆಗೆದರಂತೆ — ನಾತಕ್ಕೆ ನಿಲ್ಲಲಾಗಲಿಲ್ಲವಂತೆ.

ಇಲ್ಲಿಯ ಡಾಕ್ಟರು ಕೇಳಿದರು: "ಹಳಸಿರೋದು ವಾಸನೇಲೇ ಗೊತ್ತಾಗ್ಬೇಕಲ್ಲಮ್ಮಾ? ಮಗು ಏನೂ ಹೇಳ್ಲಿಲ್ವಾ?"

ಅವರೂ ಪಕ್ಕದಲ್ಲೇ ನಿಂತಿದ್ದರು, ಡ್ರೈವರ್ ಯೂನಿಫಾರ್ಮಿನಲ್ಲೇ.

"ಇಲ್ಲ. ಏನೂ ಹೇಳಲಿಲ್ಲ."

ಮಲಗಿದ್ದಾಳೆ ಅಂದುಕೊಂಡಿದ್ದೆ. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದಳು. ಆಮೇಲೆ ಗೋಡೆ ಕಡೆ ತಿರುಗಿದಳು.

ಏಪ್ರಿಲ್ 6

ಮನೆಗೆ ಬಂದಿದ್ದೇವೆ. ಎತ್ತಿಕೊಂಡರೆ ಬಟ್ಟೆ ಎತ್ತಿಕೊಂಡ ಹಾಗಿದೆ. ಕಿಡ್ನಿಗೆ ಪೆಟ್ಟಾಗಿದೆಯಂತೆ. ಪೂರ್ತಿ ಸರಿಹೋಗುತ್ತೆ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅವಳ ಊಟಕ್ಕೆ ಉಪ್ಪು ಸೋಕಿಯೂ ಸೋಕದ ಹಾಗೆ ಹಾಕಬೇಕು.

ಕಟ್ಟೆ ಹತ್ತುವುದಿಲ್ಲ ಈಗ. ಚಟಪಟವೂ ಇಲ್ಲ. ಏನು ಕೊಟ್ಟರೂ "ಚೆನ್ನಾಗಿದೆ ಅಮ್ಮಾ" ಅನ್ನುತ್ತಾಳೆ, ತಟ್ಟೆ ಬಳಿದು ಮುಗಿಸುತ್ತಾಳೆ. ಅವರಿಗೆ ಸಮಾಧಾನ: "ನೋಡು, ಎಷ್ಟು ಜಾಣೆ ಆಗಿಬಿಟ್ಳು."

ಏಪ್ರಿಲ್ 11, ಸಂಜೆ

ಆಲೂಗಡ್ಡೆ ಬೇಯಿಸಿ ಹಿಸುಕಿ ಬೆಣ್ಣೆ ಹಾಕಿದ್ದೆ. ನಮ್ಮ ಪಾಲು ತೆಗೆದು ಉಪ್ಪು ಹಾಕಬೇಕಿತ್ತು. ಯಾವುದಕ್ಕೆ ಹಾಕಿದೆ, ಎಷ್ಟು ಸಲ ಹಾಕಿದೆ... ಅವಳು ತಿಂದು ಮುಗಿಸಿದಳು. "ಚೆನ್ನಾಗಿದೆ ಅಮ್ಮಾ." ಪಾತ್ರೆಯಲ್ಲಿ ಉಳಿದದ್ದನ್ನು ಅವರು ಬಾಯಿಗಿಟ್ಟು ಸಿಂಕಿಗೆ ಉಗಿದರು.

"ಉಪ್ಪಿನ ಗಡ್ಡೆ ಇದು! ಇದನ್ನ ಮಗೂಗೆ ಹಾಕಿದ್ಯಾ? ನಾಲಿಗೆ ಇಲ್ವೇನೇ ನಿಂಗೆ?"

ಇಲ್ಲ ಅಂದೆ. ಮೂಗೂ ಇಲ್ಲ, ಬಂದೇ ಇಲ್ಲ. ಕೊನೆಗೂ ಹೇಳಿದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮಗಳನ್ನೆತ್ತಿಕೊಂಡು ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ಅಕ್ಕನಿಗೆ.

"ಅಕ್ಕ ಬೆಳಗ್ಗೆ ಬರ್ತಾಳೆ. ಮಗು ಸ್ವಲ್ಪ ದಿನ ಅಲ್ಲಿರ್ಲಿ."

ಏಪ್ರಿಲ್ 12

ಅವರಕ್ಕ ಮೇಲೆ ಬರಲೇ ಇಲ್ಲ, ಕೆಳಗೆ ಕಾರಿನಲ್ಲೇ ಕೂತಿದ್ದರು. ಮಗಳಿಗೆ ಬೂಟು ಹಾಕುತ್ತಾ ಕೇಳಿದೆ, "ಅಷ್ಟೊಂದು ಉಪ್ಪಿತ್ತಲ್ಲ ಕಂದಾ, ಬೇಡ ಅನ್ನೋದಲ್ವಾ?"

ಬೂಟಿನ ಪಟ್ಟಿ ನೋಡುತ್ತಲೇ ಅಂದಳು, "ಬೇಡ ಅಂದ್ರೆ ಮೂಗು ಹಿಡೀತೀಯಲ್ಲಮ್ಮಾ."

ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ ಅವರಿಗೆ ಕೇಳಿಸಿತು.

"ಅವತ್ತು... ಸೂಪು ಬೇಡ ಅಂದಿತ್ತಾ ಮಗು?"

"ಅಂದಿತ್ತು."

ಬಗ್ಗಿ ಇನ್ನೊಂದು ಬೂಟನ್ನು ತಾವೇ ಹಾಕಿದರು. ನನ್ನ ಕೈ ಅಡ್ಡ ಇತ್ತು, ಸರಿಸಿದರು. ಮೂವರೂ ಹೋದರು.

ದಾರಿಗೆಂದು ಕಟ್ಟಿಕೊಟ್ಟ ಡಬ್ಬಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಹೋಗಿದ್ದಾರೆ. ಒಳಗೆ ತಂದು ತೆರೆದೆ. ಬೇಯಿಸಿದ ಸೇಬು, ಎರಡು ತುಂಡು ಬ್ರೆಡ್ಡು. ಬೆಳಗ್ಗೆ ಎದ್ದು ಮಾಡಿದ್ದು. ಹೊಸದೇ. ಹೊಸದು ಅಂತ ಹೇಳಲು ನನಗೆ ಮೂಗು —