ಕೊಸರು ಕೊಟ್ಟವನ ಖಾತೆಗೆ ಬೀಗ

ಖಾತೆಗಳಿಗೆ ಬೀಗ ಹಾಕುವ ವಿಭಾಗದ ಮುಖ್ಯಾಧಿಕಾರಿಗಳೇ,

ನಮ್ಮ ಪುಟ್ಟ ಕಂಪನಿಯ ಬ್ಯಾಂಕ್ ಖಾತೆಗೆ ನೀವು ಬೀಗ ಜಡಿದಿದ್ದೀರಿ. ‘ಸಂಶಯಾಸ್ಪದ ವಹಿವಾಟು’ ಎಂದು ಒಂದು ಸಾಲಿನ ಸಂದೇಶ ಬಂತು. ಯಾವ ಸಂಶಯ ಎಂದು ವಿಚಾರಿಸಿದೆ. ಅಪರಿಚಿತರೊಬ್ಬರಿಂದ ಹಣ ಪಡೆದು ಅವರಿಗೇ ಹನ್ನೊಂದು ರೂಪಾಯಿ ಹಿಂದಕ್ಕೆ ಕಳಿಸಿದ್ದೇಕೆ ಎಂದು ಕೇಳಿದಿರಿ. ಕೊಸರು ಎಂದೆ. ನಿಮ್ಮ ಪಟ್ಟಿಯಲ್ಲಿ ಆ ಹೆಸರಿನ ಕಾರಣವೇ ಇಲ್ಲವಂತೆ. ದೊಡ್ಡ ದೊಡ್ಡ ಸಾಲ ಎತ್ತಿದವರು ವಿಮಾನ ಹತ್ತಿದ ಮೇಲಷ್ಟೇ ತೆರೆಯುವ ಕಣ್ಣು ನನ್ನ ಹನ್ನೊಂದು ರೂಪಾಯಿಯನ್ನು ಹಾರುವಾಗಲೇ ಹಿಡಿದಿದೆ. ಅಭಿನಂದನೆಗಳು.

ಕೊಸರು ಏನೆಂದು ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ನನ್ನ ಅಪ್ಪನ ಅಕ್ಕ ಸುಬ್ಬಿ ಹೊನ್ನಾವರದ ಮೀನುಪೇಟೆಯಲ್ಲಿ ಕೂರುವವಳು. ಗಿರಾಕಿ ಒಂದು ಡಜನ್ ಬಂಗಡೆ ಕೊಂಡು, ದುಡ್ಡು ಕೊಟ್ಟು, ಚೀಲ ಎತ್ತುವ ಹೊತ್ತಿಗೆ ಅತ್ತೆ ಇನ್ನೊಂದು ಬಂಗಡೆಯನ್ನು ಅದರೊಳಗೆ ಇಳಿಸುತ್ತಾಳೆ. ಚೌಕಾಸಿ ಮಾಡಿ ಪಡೆದರೆ ಅದು ರಿಯಾಯಿತಿ, ಕೇಳದೆ ಬಿದ್ದರೆ ಕೊಸರು. ಕೊಸರು ಕೊಡದವರ ಹತ್ತಿರ ನಮ್ಮೂರಿನ ಜನ ಎರಡನೇ ಸಲ ಹೋಗುವುದಿಲ್ಲ. ನಾನು ಬೆಳೆದದ್ದು ಆ ಬುಟ್ಟಿಯ ಪಕ್ಕದಲ್ಲಿ.

ಓದು ಮುಗಿಸಿದ ಮೇಲೆ ಗೆಳತಿ ಸುಷ್ಮಾಳೂ ನಾನೂ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆಯಲ್ಲಿ ಸ್ಟಾರ್ಟಪ್ ತೆರೆದೆವು. ನಾವಿಬ್ಬರು, ಜೊತೆಗೆ ಕೋಡ್ ಬರೆಯುವ ಒಂದು ಎಐ. ಮೀನು ಮಾರುವ ಹೆಂಗಸರಿಗೊಂದು ಆ್ಯಪ್ ಮಾಡು ಎಂದರೆ ಅದು ಚಹಾ ಆರುವುದರೊಳಗೆ ಮಾಡಿಕೊಟ್ಟಿತು. ಆದರೆ ಹನ್ನೆರಡು ಮೀನಿನ ದುಡ್ಡಿಗೆ ಹದಿಮೂರು ಹೋಗುವುದು ಕಂಡು ಅದಕ್ಕೆ ತಳಮಳವಾಯಿತು. ದೋಷ ಸರಿಪಡಿಸಿದ್ದೇನೆ ಎಂದು ಹೇಳಿ ಹದಿಮೂರನೆಯದನ್ನು ಅಳಿಸಿತು. ದೋಷವಲ್ಲ, ಕೊಸರು ಎಂದೆ. ‘ನೀವು ಹೇಳಿದ್ದು ಸಂಪೂರ್ಣ ಸರಿ’ ಎಂದು ಒಪ್ಪಿಕೊಂಡು, ಅದನ್ನು ಕೂಪನ್ ಮಾಡಿತು, ಷರತ್ತುಗಳ ಸಮೇತ. ಅದೂ ಅಲ್ಲ ಎಂದೆ. ಮತ್ತೆ ‘ಸಂಪೂರ್ಣ ಸರಿ’ ಎಂದು ಅತ್ತೆಯ ಫೋನಿಗೆ, ನಿಮ್ಮ ದಾಸ್ತಾನು ಕಳವಾಗುತ್ತಿದೆ ಎಂಬ ಎಚ್ಚರಿಕೆ ಕಳಿಸಿತು. ಪೇಟೆಯಲ್ಲಿ ಯಾರೋ ಅದನ್ನು ಓದಿ ಹೇಳಿದರಂತೆ, ಅತ್ತೆ ಮೆಟ್ಟಿಲು ಹತ್ತಿ ಬಂದಳು.

“ಎಂತ ತಮಾ, ನಿನ್ನ ಮಿಶನ್ ನನ್ನ ಕಳ್ಳಿ ಅಂತದ್ಯಾ? ನನ್ನ ಬುಟ್ಟಿಯಿಂದ ನಾನೇ ಕದಿಯೂದಾ?”

“ಅದಕ್ಕೆ ಅತ್ತೆ ಇಲ್ಲ ಅಲ್ದಾ, ಪಾಪ. ಯಾರು ಕಲಿಸ್ಬೇಕು?” ಎಂದಳು ಸುಷ್ಮಾ.

ಆ ಮಧ್ಯಾಹ್ನ ಕೂತು ಕಲಿಸಿದೆವು. ಕಲಿತಿತು. ಸಂಬಳವಿಲ್ಲದ, ಊರು ಕೇರಿ ಇಲ್ಲದ ಯಂತ್ರಕ್ಕೆ ಒಂದು ಮಧ್ಯಾಹ್ನದಲ್ಲಿ ತಲೆಗೆ ಹತ್ತಿದ್ದು ನಿಮ್ಮ ವಿಭಾಗಕ್ಕೆ ಯಾಕೆ ಹತ್ತುತ್ತಿಲ್ಲ?

ಈಗ ನಿಮಗೆ ಬೇಕಾದ ಭಾಗಕ್ಕೆ ಬರುತ್ತೇನೆ. ಓಂ ಬೀಚಿನ ಗೆಸ್ಟ್ ಹೌಸಿನಲ್ಲಿ ಉಳಿದಿದ್ದ ವಿದೇಶಿಯೊಬ್ಬ ನಮ್ಮ ಆ್ಯಪ್ ಮೆಚ್ಚಿ, ತನ್ನೂರಿನ ದೋಣಿ ಕ್ಲಬ್ಬಿಗೆ ಒಂದು ಮಾಡಿಸಿಕೊಂಡ. ಸಂಭಾವನೆಯನ್ನು ಕ್ರಿಪ್ಟೊದಲ್ಲಿ ಕೊಟ್ಟ. ಅದರ ತೆರಿಗೆ ಕಟ್ಟಿದ್ದೇನೆ, ರಶೀದಿ ಇದೆ. ತೆರಿಗೆಯವರು ಅದನ್ನು ಆದಾಯ ಎಂದು ನಗುನಗುತ್ತಾ ಇಸಿದುಕೊಂಡರು, ನಿಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಅಪರಾಧವಾಯಿತು. ಒಂದೇ ಸರಕಾರದ ನೆರಳಿನಲ್ಲಿ ಇಷ್ಟು ಬೇಗ ಜಾತಿ ಕೆಡುವ ಪದಾರ್ಥ ಬೇರೆ ಇದೆಯೇ? ಕ್ರಿಪ್ಟೊವನ್ನು ರೂಪಾಯಿ ಮಾಡಿಕೊಳ್ಳಲು ಅದನ್ನು ಮಾರುವ ವೇದಿಕೆಯಲ್ಲಿ ಇಟ್ಟೆ. ಭಟ್ಕಳದ ರಮಾನಂದ ಎಂಬವರು ಕೊಂಡು, ಹೇಳಿದ ಬೆಲೆಯನ್ನು ಹೇಳಿದ ಹೊತ್ತಿಗೆ ಹಾಕಿದರು. ನನ್ನ ಜೀವನದ ಮೊದಲ ಕ್ರಿಪ್ಟೊ ಬೋಣಿ. ಇಷ್ಟು ಚೊಕ್ಕ ವ್ಯಾಪಾರ ಮಾಡಿದವರನ್ನು ಬರಿಗೈಯಲ್ಲಿ ಕಳಿಸುವುದೇ? ಹನ್ನೊಂದು ರೂಪಾಯಿ ಕಳಿಸಿದೆ. ಅವರು ತಕ್ಷಣ ಫೋನು ಮಾಡಿದರು.

“ಎಂತದ್ರೀ ಇದು ಹನ್ನೊಂದು?”

“ಕೊಸರು ಮಾರಾಯ್ರೇ.”

“ಆತು ಹಂಗಾರೆ. ಮುಂದಿನ ಸಲನೂ ನಿಮ್ಮತ್ರನೇ ತಕಂತೆ.”

ಅವರ ವಿಚಾರಣೆ ಅಲ್ಲಿಗೆ ಮುಗಿಯಿತು. ನಿಮ್ಮ ವಿಚಾರಣೆ ಮಾತ್ರ ಆ ಸಂಜೆ ಶುರುವಾಯಿತು. ಮೋಸಗಾರರು ಹೀಗೆಯೇ ಮೊದಲು ಸಣ್ಣ ಮೊತ್ತ ಕಳಿಸಿ ದಾರಿ ಪರೀಕ್ಷಿಸುತ್ತಾರಂತೆ, ಆದ್ದರಿಂದ ನಾನೂ ಮೋಸಗಾರ.

ನಾನು ಮೋಸಗಾರನಾಗಿಯೇ ಇರಬಲ್ಲೆ. ಆದರೆ ಆ ಖಾತೆಯಲ್ಲಿ ಅತ್ತೆಯ ದುಡ್ಡೂ ಇದೆ. ಅವಳದು ಗುಂಡಿ ಒತ್ತುವ ಫೋನು. ಅದಕ್ಕೇ ಅವಳ ಬುಟ್ಟಿಗೆ ಅಂಟಿಸಿದ ಕ್ಯೂಆರ್ ಕಾರ್ಡು ನಮ್ಮ ಕಂಪನಿಯದು. ಗಿರಾಕಿಗಳು ಅದಕ್ಕೆ ಹಾಕಿದ್ದನ್ನು ಮರುದಿನ ಅವಳು ಮೀನು ಕೊಳ್ಳುವ ಹರಾಜಿನ ಹೊತ್ತಿಗೆ ತೆಗೆದು ಅವಳ ಕೈಗೆ ಕೊಡುತ್ತಿದ್ದೆ. ಅದೇ ಅವಳ ಬಂಡವಾಳ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಈಗಷ್ಟೇ ಮೀನು ತರುತ್ತಿವೆ, ಇವಳು ಹರಾಜಿನ ಅಂಚಿನಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದಾಳೆ. ಪೇಟೆಯಲ್ಲಿ ಅವಳು ಕೂರುವ ಜಾಗದಲ್ಲಿ ಕುಮಟೆಯ ಕಡೆಯ ಹೆಂಗಸೊಬ್ಬಳು ಕೂರಲು ಶುರು ಮಾಡಿದ್ದಾಳೆ. ಆಕೆಯದೂ ತಪ್ಪಲ್ಲ, ಖಾಲಿ ಇತ್ತು, ಕೂತಳು.

ಅತ್ತೆಯನ್ನು ನಿಮ್ಮ ಶಾಖೆಗೂ ಕರೆದೊಯ್ದಿದ್ದೆ. ಕೌಂಟರಿನಲ್ಲಿದ್ದ ಧನ್ಯಾ ಎಂಬ ಹುಡುಗಿ ಒಳ್ಳೆಯವಳು.

“ನಮ್ಮ ಕೈಲಿ ಎಂತ ಇಲ್ಲ ಅಮ್ಮಾ, ಮೇಲಿಂದ ಲಾಕ್ ಮಾಡಿದ್ದಾರೆ” ಎಂದಳು.

“ಮೇಲಿಂದ ಅಂದ್ರೆ ದೇವರಾ?”

“ಅಲ್ಲ, ಹೆಡ್ ಆಫೀಸು.”

“ದೇವರಾಗಿದ್ರೆ ಒಂದು ಹರಕೆ ಹೊರೂಕಾದ್ರೂ ಆತಿತ್ತು” ಎಂದು ಅತ್ತೆ ಎದ್ದಳು.

ಹರಕೆಯ ಬದಲು ನಾನು ದೂರು ಬರೆದೆ. ಬರೆದದ್ದು ನಮ್ಮ ಎಐ, ಬಹಳ ಒಳ್ಳೆಯ ಇಂಗ್ಲಿಷಿನಲ್ಲಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ನಿಮ್ಮಿಂದ ಉತ್ತರ ಬಂತು, ಅದಕ್ಕಿಂತ ಒಳ್ಳೆಯ ಇಂಗ್ಲಿಷಿನಲ್ಲಿ. ಓದುತ್ತಲೇ ಗುರುತು ಸಿಕ್ಕಿತು, ಅದೂ ನಮ್ಮದರ ದಾಯಾದಿಯೇ. ನಮ್ಮದು ನಿಮ್ಮದರ ತಾಳ್ಮೆಗೆ ಧನ್ಯವಾದ ಹೇಳಿತು, ನಿಮ್ಮದು ನಮ್ಮದರ ಸಹಕಾರಕ್ಕೆ ಕೃತಜ್ಞತೆ ತಿಳಿಸಿತು. ಮದುವೆ ಮನೆಯ ಬೀಗರು ಕೂಡ ಇಷ್ಟು ಉಪಚಾರ ಮಾಡಿಕೊಳ್ಳುವುದಿಲ್ಲ. ಇಬ್ಬರೂ ಪರಸ್ಪರ ಸಂಪೂರ್ಣ ಸರಿ, ಬೀಗ ಮಾತ್ರ ಹಾಗೇ ಇದೆ. ಅದಕ್ಕೇ ಈ ಪತ್ರವನ್ನು ನಾನೇ, ಕನ್ನಡದಲ್ಲಿ, ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮ್ಮ ಮನೆಗೆ ಪೇಪರು ಬರುತ್ತದೆ ಎಂಬ ನಂಬಿಕೆಯಿಂದ.

ನನ್ನ ಬೇಡಿಕೆ ಇಷ್ಟೇ. ಈ ಕಡತವನ್ನು ಒಬ್ಬ ಮನುಷ್ಯ ತೆರೆದು ಓದಲಿ. ತಪ್ಪಿದ್ದರೆ ಯಾವ ತಪ್ಪು ಎಂದು ಸಹಿ ಹಾಕಿ ಕೊಡಲಿ. ಇಲ್ಲದಿದ್ದರೆ ಈ ವಾರದೊಳಗೆ ಬೀಗ ತೆಗೆಯಲಿ. ಎರಡೂ ನಿಮ್ಮ ಅಧಿಕಾರಕ್ಕೆ ಮೀರಿದ್ದಾದರೆ, ದಯವಿಟ್ಟು ಅತ್ತೆಗೆ ನೀವೇ ಫೋನು ಮಾಡಿ, ದುಡ್ಡು ನಮ್ಮಲ್ಲೇ ಇದೆ, ದಿನೇಶ ತಿಂದಿಲ್ಲ ಎಂದು ಹೇಳಿ. ನಂಬರು ಶಾಖೆಯಲ್ಲಿ ಕೊಟ್ಟಿದ್ದೇನೆ. ನಾನು ಹೇಳಿ ಸಾಕಾಗಿದೆ. ಇಷ್ಟು ದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು “ಬಂತಾ ತಮಾ?” ಎಂದು ಕೇಳುತ್ತಿದ್ದಳು. ಇವತ್ತು ಬಾಗಿಲ ಮುಂದೆಯೇ ಹಾದು ಹೋದಳು, ಕೇಳಲಿಲ್ಲ.

ಇಂತಿ,
ನಿಮ್ಮ ಯಂತ್ರದ ಲೆಕ್ಕದಲ್ಲಿ ಶಂಕಿತನೂ, ಅತ್ತೆಯ ಲೆಕ್ಕದಲ್ಲಿ ಏನೆಂದು ಕೇಳಲು ಧೈರ್ಯವಿಲ್ಲದವನೂ ಆದ
ದಿನೇಶ ಹರಿಕಂತ್ರ
ಐಸ್ ಫ್ಯಾಕ್ಟರಿ ಮಾಳಿಗೆ, ಹೊನ್ನಾವರ