ಬಾಗಿಲಿಲ್ಲದ ಬೀಗದ ಕೈ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೯, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಮೊಣಕಾಲು ನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲಲ್ಲಿ ಮಗುವನ್ನು ಎತ್ತಿಕೊಂಡು ಹತ್ತಿಳಿಯಬೇಡ, ಅಳಿಯನಿಗೂ ಎರಡು ಕೈಗಳಿವೆ. ಮಗಳಿಗೆ ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯೇ? ಮೊಮ್ಮಗಳು ಹಾಲು ಕಕ್ಕುವುದು ನಿಂತಿತೇ? ‘ಪ್ರೀತಿಯ ಇವಳೇ’ ಎಂದು ಬರೆದದ್ದಕ್ಕೆ ನಗಬೇಡ. ಮದುವೆಯಾದಾಗಿನಿಂದ ನಿನ್ನನ್ನು ಬೇರೇನೂ ಕರೆದವನಲ್ಲ, ಈಗ ಹೆಸರು ಹಿಡಿದು ಬರೆದರೆ ಯಾರೋ ಪರಿಚಯದವರಿಗೆ ಬರೆದಂತೆ ಅನ್ನಿಸಿತು. ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀಯ. ಫೋನ್ ಮಾಡಿದರೆ ಮಗಳು ಸ್ಪೀಕರ್ ಹಾಕುತ್ತಾಳೆ, ಅಳಿಯ ಹಿಂದಿನಿಂದ ‘ಊಟ ಆಯ್ತಾ ಮಾವ’ ಅನ್ನುತ್ತಾನೆ, ಮಗು ಕಿರುಚುತ್ತದೆ, ನಾನು ‘ಎಲ್ಲ ಚೆನ್ನಾಗಿದೆ’ ಎಂದು ಇಟ್ಟುಬಿಡುತ್ತೇನೆ. ಅದೇನು ಗಂಡ ಹೆಂಡತಿ ಮಾತಾಡುವ ರೀತಿಯೇ?

ನಾನು ಆರಾಮಾಗಿದ್ದೇನೆ. ಮಾತ್ರೆ ಒಂದು ಹೊತ್ತೂ ತಪ್ಪಿಸಿಲ್ಲ. ಹಣೆಯ ಮೇಲೆ ಚೂರು ತರಚಿದೆ, ಕಪಾಟಿನ ಬಾಗಿಲು ತೆರೆದಿಟ್ಟು ನಾನೇ ಹೋಗಿ ಹೊಡೆದುಕೊಂಡೆ. ಮೇಲಿನ ಮನೆಯ ಟೀಚರಮ್ಮ ಸಂಜೆ ಕೂರಿಸಿಕೊಂಡು ನಿಧಾನವಾಗಿ ಉಸಿರಾಡುವುದನ್ನು ಹೇಳಿಕೊಡುತ್ತಿದ್ದಾರೆ. ಕಾಯಿಲೆಗೆ ಏನಾಗುತ್ತದೋ ಗೊತ್ತಿಲ್ಲ, ಆ ಹೊತ್ತು ಕಳೆಯುತ್ತದೆ. ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಕಟಿಂಗ್ ಮಷೀನಿನವನು ಯಾವುದೋ ಬೇರಿನ ಪುಡಿ ತಂದುಕೊಟ್ಟು, ‘ಇದನ್ನ ತಗೊಂಡ್ರೆ ಫಿಟ್ಸ್ ನಿಮ್ಮ ಬೀದಿಗೂ ಬರಲ್ಲ’ ಅಂದ. ಡಾಕ್ಟರಮ್ಮನಿಗೆ ತೋರಿಸಿದೆ. ‘ಮಾತ್ರೆ ಜೊತೆ ಇದು ಸೇರಿದ್ರೆ ಏನಾಗುತ್ತೋ, ಬೇಡ’ ಅಂದರು. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ. ನೀನು ಹಚ್ಚಿದರೆ ನಿದ್ದೆಗೆ ಕಣ್ಣು ಎಳೆಯುತ್ತಿತ್ತು. ನಾನೇ ಹಚ್ಚಿಕೊಂಡರೆ ದಿಂಬು ಕೊಳೆಯಾಗುತ್ತದೆ, ಅಷ್ಟೇ.

ಮನೆ ಬಿಕೋ ಅನ್ನುತ್ತದೆ. ಬೆಳಿಗ್ಗೆ ಎರಡು ಲೋಟ ತೆಗೆದು ಒಂದನ್ನು ವಾಪಸ್ ಇಡುತ್ತೇನೆ. ರೇಡಿಯೊ ಹಾಕಿಟ್ಟರೆ ಯಾರೋ ಇದ್ದಾರೆ ಅನ್ನಿಸುತ್ತದೆ, ಆದರೆ ಅದು ನನ್ನ ಮಾತಿಗೆ ‘ಸಾಕು ಸುಮ್ಮನಿರಿ’ ಅನ್ನುವುದಿಲ್ಲವಲ್ಲ. ಇಷ್ಟು ವರ್ಷ ನಿನ್ನ ಬಾಯಿ ಮುಚ್ಚಿದರೆ ಸಾಕಪ್ಪ ಎಂದುಕೊಂಡವನು ಈಗ ಅನುಭವಿಸುತ್ತಿದ್ದೇನೆ.

ನಮ್ಮ ಬೀಗದ ಕೈಯ ವಿಷಯ ಹೇಳಬೇಕು. ನೀನು ಮನೆಗೆ ಬಂದ ಹೊಸದರಲ್ಲಿ ನನ್ನಮ್ಮ ಅದನ್ನು ನಿನ್ನ ಕೈಗಿಟ್ಟು, ‘ಅದು ಬಂದಾಗ ಇದನ್ನ ಅವನ ಮುಷ್ಟಿಗೆ ಕೊಡು, ಬಿಡುತ್ತೆ’ ಅಂದಿದ್ದಳಲ್ಲ. ಹಳೆಯ ಮನೆ ಹೋಯಿತು, ಬಾಗಿಲು ಹೋಯಿತು, ಬೀಗವೂ ಹೋಯಿತು, ಗೇಣುದ್ದದ ಆ ಕಬ್ಬಿಣ ಮಾತ್ರ ನಮ್ಮ ಜೊತೆ ಬಂತು. ಈರುಳ್ಳಿ ಮೂಸಿಸಿ ಎಂದವರಿಗೆಲ್ಲ ನೀನು ಕಿವಿಗೊಡಲಿಲ್ಲ. ಚಪ್ಪಲಿ ಮೂಸಿಸಲು ಬಂದವನನ್ನು ‘ಅದನ್ನ ಕಾಲಿಗೆ ಹಾಕ್ಕೊಂಡು ಹೊರಡಿ’ ಎಂದು ಕಳಿಸಿದೆ. ಬೀಗದ ಕೈಯನ್ನು ಮಾತ್ರ ತುಕ್ಕು ಹಿಡಿಯದಂತೆ ಒರೆಸಿ ಮೊಳೆಗೆ ಹಾಕಿದೆ. ಡಾಕ್ಟರಮ್ಮ ಎಷ್ಟು ಸಲ ಹೇಳಿದರು, ‘ಅದು ತಾನಾಗಿ ಬರುತ್ತೆ, ತಾನಾಗಿ ನಿಲ್ಲುತ್ತೆ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಬೇಗ ನಿಲ್ಲದಿದ್ರೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ’ ಎಂದು. ನೀನು ತಲೆಯಾಡಿಸುತ್ತಿದ್ದೆ, ಹೇಳಿದ್ದನ್ನೆಲ್ಲ ಮಾಡುತ್ತಿದ್ದೆ. ಆದರೆ ಮೆಟ್ಟಿಲಿಳಿಯುವಾಗ, ‘ನಿಮ್ಮ ಮುಷ್ಟಿ ಬಿಡೋದನ್ನ ನೋಡೋಳು ನಾನು, ಅವರಲ್ಲ’ ಅನ್ನುತ್ತಿದ್ದೆ. ನನಗೂ ಅದೇ ನಂಬಿಕೆ. ಕಣ್ಣು ಬಿಟ್ಟಾಗ ಮೊದಲು ಕಾಣುತ್ತಿದ್ದದ್ದು ನಿನ್ನ ಮುಖ, ಕೇಳುತ್ತಿದ್ದದ್ದು ‘ಕೊಡಿ ಇಲ್ಲಿ’. ನನ್ನ ಬೆರಳುಗಳಿಂದ ನೀನು ಅದನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದೆ.

ನೀನು ಹೋದ ಮೇಲೆ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಪ್ಯಾಂಟು ಒಂದು ಕಡೆ ಜಗ್ಗಿ, ಅಂಗಡಿಯ ಯಜಮಾನರು ‘ಏನ್ರೀ, ಸುತ್ತಿಗೆ ಇಟ್ಕೊಂಡಿದ್ದೀರಾ’ ಎಂದು ಕೇಳಿದರು. ಬುಧವಾರ ರಟ್ಟುಗಳಿಗೆ ಅಂಟು ಬಳಿಯುವಾಗ ತೊಡೆಗೆ ಒತ್ತುತ್ತಿತ್ತೆಂದು ಮೇಜಿನ ಮೇಲಿಟ್ಟು ಮರೆತೆ. ಅವರು ಅದನ್ನು ಗೋದಾಮಿನದೆಂದು ತಿಳಿದು ಅಂಗಡಿಯ ಕೀಗಳ ಜೊತೆ ನೇತುಹಾಕಿ ಬಾಗಿಲು ಮುಚ್ಚಿಕೊಂಡು ಹೋಗಿದ್ದಾರೆ. ನಾನು ಮನೆಯಲ್ಲಿ ಹಾಸಿಗೆ ಕೊಡವಿ, ಅಕ್ಕಿ ಡಬ್ಬಕ್ಕೂ ಕೈ ಹಾಕಿ ಹುಡುಕಿದೆ. ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಈಗ ಸಿಕ್ಕಿದೆ, ಯೋಚನೆ ಮಾಡಬೇಡ.

ಇನ್ನೊಂದು ಮಾತು. ಕಳೆದ ಸಲ ಫೋನ್ ಇಟ್ಟೆವೆಂದು ನೀವು ತಿಳಿದಿರಿ, ಅದು ಇನ್ನೂ ಕಟ್ ಆಗಿರಲಿಲ್ಲ. ‘ಮಗುಗೆ ವರ್ಷ ತುಂಬೋವರೆಗೆ ಇರು ಅಮ್ಮ, ನೀನು ಹೊರಟ್ರೆ ನಾನು ಕೆಲಸ ಬಿಡಬೇಕಾಗುತ್ತೆ’ ಎಂದು ಮಗಳು ಅಳುತ್ತಿದ್ದಳು. ನೀನು, ‘ನಿಮ್ಮಪ್ಪನ ಮುಷ್ಟಿಗೆ ಬೀಗದ ಕೈ ಕೊಡೋರು ಯಾರೇ? ತಿಂಗಳ ಕೊನೆಗೆ ನಾನು ಹೋಗಲೇಬೇಕು’ ಅಂದೆ. ಕೇಳಬಾರದಿತ್ತು, ಕೇಳಿದೆ. ಮಗಳು ಅಳುತ್ತಿದ್ದರೂ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಅಪ್ಪನಾಗಿ ಹೇಳಿಕೊಳ್ಳುವ ಮಾತಲ್ಲ. ಅಂದಿನಿಂದ ಪ್ರತಿದಿನ ಕ್ಯಾಲೆಂಡರ್ ನೋಡುತ್ತಿದ್ದೇನೆ.

ಈ ಪತ್ರದ ಜೊತೆ ಮೊಮ್ಮಗಳಿಗೊಂದು ಪುಸ್ತಕ ಕಟ್ಟಿ ಕಳಿಸುತ್ತಿದ್ದೇನೆ. ಅಕ್ಷರವಿಲ್ಲ, ಎಲ್ಲ ಬಣ್ಣದ ಬಟ್ಟೆಯ ಹಾಳೆಗಳು. ಮೂಲೆಗಳನ್ನು ಉರುಟು ಮಾಡಿದ್ದೇನೆ, ಅಂಟು ಹಾಕದೆ ಬರೀ ಹೊಲಿದಿದ್ದೇನೆ, ಬಾಯಿಗೆ ಹಾಕಿಕೊಂಡರೂ ಭಯವಿಲ್ಲ. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮಗುವಿನ ಅಂಗಾಲಿಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ನಿನಗೆ ಏನು ಕಳಿಸಲಿ, ತಿಳಿಯುತ್ತಿಲ್ಲ.

ಇಂತಿ ನಿನ್ನ,
‘ರೀ’

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಕಪಾಟಿನ ಬಾಗಿಲಿನ ಕಥೆ ಸುಳ್ಳು. ಗುರುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅದು ಬಂತು, ಒಲೆ ಇನ್ನೂ ಹಚ್ಚಿರಲಿಲ್ಲ. ಎಚ್ಚರವಾದಾಗ ನೆಲದ ಮೇಲಿದ್ದೆ, ನಲ್ಲಿ ತೊಟ್ಟಿಕ್ಕುತ್ತಿತ್ತು. ‘ಕೊಡಿ ಇಲ್ಲಿ’ ಅನ್ನುತ್ತೀಯ ಎಂದು ಕಾಯುತ್ತಾ ಬಿದ್ದುಕೊಂಡಿದ್ದೆ. ಆಮೇಲೆ ಕೈ ನೋಡಿಕೊಂಡೆ. ಬೀಗದ ಕೈ ಅಂಗಡಿಯಲ್ಲಿತ್ತು, ನನ್ನ ಮುಷ್ಟಿ ಬಿಟ್ಟಿತ್ತು. ಡಾಕ್ಟರಮ್ಮ ಹೇಳಿದ್ದೇ ನಿಜ ಕಣೇ, ತಾನಾಗಿಯೇ ನಿಂತಿದೆ. ಅವರಿಗೆ ಹೇಳಿ ಬಂದಿದ್ದೇನೆ, ನಿದ್ದೆಗೆಟ್ಟದ್ದಕ್ಕೆ ಬೈದರು. ಟೀಚರಮ್ಮ ಬೆಳಿಗ್ಗೆ ಸಂಜೆ ಬಾಗಿಲು ತಟ್ಟುತ್ತಾರೆ, ಅವರ ಹತ್ತಿರ ಮನೆಯ ಇನ್ನೊಂದು ಕೀ ಇದೆ. ಯಜಮಾನರಿಗೂ ಪಕ್ಕಕ್ಕೆ ಹೇಗೆ ಮಲಗಿಸಬೇಕೆಂದು ತೋರಿಸಿದ್ದೇನೆ. ಗಾಬರಿಬಿದ್ದು ಓಡಿಬರಬೇಡ. ಮುಷ್ಟಿಗೆ ಕೊಡುವವರು ಇಲ್ಲವೆಂದು ತಿಂಗಳ ಕೊನೆಗೂ ಬರಬೇಡ, ಮಗಳ ಜೊತೆ ಇರು. ಬೀಗದ ಕೈಯನ್ನು ಪುಸ್ತಕಕ್ಕೆ ತಂದ ಬಟ್ಟೆಯಲ್ಲೇ ಸುತ್ತಿ ಕಳಿಸಿದ್ದೇನೆ, ಮಗುವಿನ ಕೈಗೆ ಸಿಗದಂತೆ ತೆಗೆದಿಡು. ಕಾಯಿಲೆಗೆ ಅದು ಬೇಕಿಲ್ಲ. ನಿನಗೇ ಬರಬೇಕು ಅನ್ನಿಸಿದ ದಿನ ತೆಗೆದುಕೊಂಡು ಬಾ, ನನ್ನ ಕೈಗೆ ಕೊಟ್ಟು ವಾಪಸ್ ಕೇಳು.