ಮೆಣಸಿನಕಾಯಿಯ ಗುಲ್ಮ

ಅಂಗಡಿಯ ಹಿಂದಿನ ಕೋಣೆಯಿಂದ,
ಸೋಮವಾರ ಮಧ್ಯಾಹ್ನ

ಮುದ್ದು ಮಗಳೇ,

ಹೇಗಿದ್ದೀಯಮ್ಮ? ಹಡಗಿನ ಅಡುಗೆಮನೆಯ ಸೆಖೆಗೆ ಹೊತ್ತುಹೊತ್ತಿಗೆ ನೀರು ಕುಡಿಯುತ್ತಿದ್ದೀಯ ತಾನೆ? ಎಲ್ಲರಿಗೂ ಬಡಿಸಿ ನೀನು ತಳ ಕೆರೆದುಕೊಳ್ಳುವವಳು, ಅದಕ್ಕೇ ಕೇಳಿದೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ಮೊನ್ನೆಯೇ ಆಸ್ಪತ್ರೆಯಿಂದ ಮನೆಗೆ ಬಂದಳು, ಈಗ ಹಾಲು ಕುಡಿದು ಮಲಗಿದ್ದಾಳೆ. ಸ್ವಲ್ಪ ದಿನದಿಂದ ನಮ್ಮ ಮೆಣಸಿನಕಾಯಿ ಆಗಾಗ ಹೊಟ್ಟೆನೋವು ಅನ್ನುತ್ತಿದ್ದಳು, ಮಲಗಿದರೆ ಹೋಗುತ್ತಿತ್ತು. "ಶಾಲೆಗೆ ಚಕ್ಕರ್ ಹೊಡೆಯೋ ನೋವು" ಅಂತ ರೇಗಿಸಿ ಲಂಗದ ಸೊಂಟ ಸಡಿಲ ಮಾಡಿಕೊಟ್ಟೆ. ದರ್ಜಿಗೆ ಇನ್ನೇನು ಹೊಳೆಯುತ್ತದೆ ಹೇಳು. ಹೋದ ವಾರ ಶಾಲೆಯಿಂದ ಬಂದವಳೇ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮುದುಡಿಕೊಂಡು ಬಿದ್ದಳು. ವಾಂತಿ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ. ಪಕ್ಕದ ಬೀಗ ರಿಪೇರಿಯವನು ಸ್ಕೂಟರಿನಲ್ಲಿ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದ.

ಸರ್ಜನ್ ಮೇಡಂ ಕೂರಿಸಿಕೊಂಡು ಹೇಳಿದರು. ಎಡ ಪಕ್ಕೆಯ ಕೆಳಗೆ ಗುಲ್ಮ ಅಂತ ಒಂದು ಅಂಗವಿದೆಯಂತೆ. ಅದನ್ನು ಹಿಡಿದಿಡುವ ಕಟ್ಟುಗಳು ಇವಳಿಗೆ ಹುಟ್ಟಿನಿಂದಲೇ ಸಡಿಲವಂತೆ. ತೀರಾ ಅಪರೂಪವಂತೆ. ಅದು ಹೊಟ್ಟೆಯೊಳಗೆ ಅಲೆದಾಡಿ ತನ್ನ ರಕ್ತನಾಳವನ್ನೇ ತಿರುಚಿಕೊಂಡುಬಿಟ್ಟಿತ್ತು. ಇನ್ನೂ ಜೀವವಿದ್ದರೆ ಅದಕ್ಕೊಂದು ಜೇಬಿನಂಥದ್ದು ಮಾಡಿ ಒಳಗೇ ಹೊಲಿದುಬಿಡುತ್ತೇವೆ ಅಂದರು. ಹೊಲಿಗೆ ಅನ್ನುವ ಮಾತೊಂದೇ ನನ್ನ ಕಿವಿಗೆ ಬಿದ್ದದ್ದು. ಸದ್ಯ, ಹೊಲಿಗೆ ತಾನೆ, ಅಂದುಕೊಂಡೆ. ಆಪರೇಷನ್ ಮುಗಿಸಿ ಹೊರಗೆ ಬಂದವರು "ಉಳೀಲಿಲ್ಲ ತಾತ, ಗುಲ್ಮ ತೆಗೆದುಬಿಟ್ವಿ, ಮಗು ಹುಷಾರಾಗಿದೆ" ಅಂದರು. "ಆಯ್ತಮ್ಮ" ಅಂದೆ, ಗಿರಾಕಿಗೆ ಹೇಳಿದ ಹಾಗೆ. ಅಳು ಬರಲಿಲ್ಲ ಮಗಳೇ, ಇವತ್ತಿಗೂ ಬಂದಿಲ್ಲ. ನಿನ್ನೆ ಒಂದು ಕೋಟಿಗೆ ಎರಡೂ ಎಡತೋಳೇ ಹೊಲಿದು, ಇಸ್ತ್ರಿಯನ್ನೂ ಮಾಡಿ ನೇತುಹಾಕಿದ್ದೆ. ನಿನ್ನ ಮಗಳೇ ಕಂಡುಹಿಡಿದಳು. ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

ನೀನು ಧೈರ್ಯಗೆಡಬೇಡ. ಕಾದ ಎಣ್ಣೆಯ ಹತ್ತಿರ ಜೋಪಾನ. ಎಲ್ಲಿದ್ದರೂ ತಣ್ಣಗಿರು ತಾಯಿ.

ನಿನ್ನ ಅಪ್ಪ

ಇದನ್ನು ಬರೆಯದೆ ಕವರು ಅಂಟಿಸಿಬಿಡುತ್ತಿದ್ದೆ: ಗುಲ್ಮವಿಲ್ಲದ ಮಗುವಿಗೆ ಸೋಂಕು ಬೇಗ ಏರುತ್ತದಂತೆ. ಮೈ ಸ್ವಲ್ಪ ಬಿಸಿಯಾದರೂ ತಡಮಾಡದೆ ಆಸ್ಪತ್ರೆಗೆ ಕರೆತರಬೇಕಂತೆ. ಥರ್ಮಾಮೀಟರ್ ತಂದಿಟ್ಟಿದ್ದೇನೆ. ಆದರೆ ಮೊದಲು ಕೈಗೆ ಅನುಮಾನ ಬರಬೇಕಲ್ಲ? ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ನನ್ನ ಅಂಗೈ ಜಡ್ಡುಗಟ್ಟಿರುವುದು ನಿನಗೆ ಗೊತ್ತು. ನಿನಗೆ ಜ್ವರ ಬಂದಾಗಲೆಲ್ಲ ಮುಟ್ಟಿ ನೋಡುತ್ತಿದ್ದದ್ದು ನಿನ್ನಮ್ಮ. ಅವಳಿಲ್ಲ. ಈಗಷ್ಟೇ ಮಗುವಿನ ಹಣೆ ಮುಟ್ಟಿ ಬಂದೆ. ಏನೂ ತಿಳಿಯಲಿಲ್ಲ. ರಜೆ ಕೇಳಿಕೊಂಡು ಬಂದುಬಿಡು.